ಉತ್ತರಕ್ಕೆ ಓಣಿ

ಅಕ್ಕ ಮನೆ ಕೊಳ್ಳುವುದಾಗಿ ಹೇಳಿದ ದಿನ ನಾನು ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ದೇವರ ಮುಂದೆ ಗಂಧ ತೇಯುತ್ತ ಕುಳಿತಿದ್ದೆ. ಬಾಗಿಲ ಬಳಿ ನಿಂತು ಆಕೆ, "ನಾನೊಂದು ಮನೆ ತಗೋತೀನಿ ಕಣೋ. ಶಂಕರಪುರದಲ್ಲಿ ನೋಡ್ಕೊಂಡು ಬಂದಿದೀನಿ," ಎಂದಳು. ಪೂಜೆಯ ನಡುವೆ ಮಾತನಾಡುವ ಪದ್ಧತಿ ನನಗಿಲ್ಲ. ಅದು ಆಕೆಗೆ ಚೆನ್ನಾಗಿ ಗೊತ್ತು. ಆದುದರಿಂದಲೇ ಆ ಹೊತ್ತನ್ನು ಆರಿಸಿಕೊಂಡಿದ್ದಳು. ನಾನು ಮಂಗಳಾರತಿ ಮುಗಿಸಿ ಬಾಯಿ ತೆರೆಯುವಷ್ಟರಲ್ಲಿ ವಿಷಯ ತೀರ್ಮಾನವಾಗಿ ಹೋಗಿತ್ತು.

ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಪಾಠ ಹೇಳಿ ನಿವೃತ್ತಳಾದವಳು. ಭಾವನವರು ತೀರಿಕೊಂಡಾಗ ಆಕೆಗೆ ಇನ್ನೂ ಚಿಕ್ಕ ವಯಸ್ಸು. ಆಮೇಲೆ ಕೆಲವು ಕಾಲ ಅತ್ತೆಯ ಮನೆಯಲ್ಲಿ, ಕೆಲವು ಕಾಲ ದೊಡ್ಡಮ್ಮನ ಮನೆಯಲ್ಲಿ, ಕೊನೆಗೆ ನಮ್ಮಲ್ಲಿ ಇದ್ದಳು. ಹೋದೆಡೆಯೆಲ್ಲ "ನಿನ್ನದೇ ಮನೆ ಅಂದ್ಕೋ" ಎಂಬ ಮಾತು ಆಕೆಯನ್ನು ಬರಮಾಡಿಕೊಂಡಿತ್ತು. ಆ ಮಾತು ಸುಳ್ಳೆಂದು ಆಕೆ ಎಂದೂ ದೂರಿದವಳಲ್ಲ. ನಮ್ಮ ಮನೆಯಲ್ಲಿ ಆಕೆಗೆ ಕೊರತೆಯೂ ಇರಲಿಲ್ಲ. ಆದರೆ ಕೊರತೆಯಿಲ್ಲದಿರುವುದು ಬೇರೆ, ತನ್ನದೆಂಬುದೊಂದು ಇರುವುದು ಬೇರೆ ಎಂಬ ಭೇದವನ್ನು ಅಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು, ಕೂಡಿಟ್ಟ ಹಣ ಸಾಕಷ್ಟಾದ ದಿನ ಬಾಯಿ ಬಿಟ್ಟಿದ್ದಳು.

ಮನೆಯೇನೂ ದೊಡ್ಡದಲ್ಲ. ಒಂದು ಹಳೆಯ ನಿವೇಶನದ ಹಿಂಭಾಗದಲ್ಲಿರುವ ಹೆಂಚಿನ ಮನೆ. ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ. ಮುಂಭಾಗದಲ್ಲಿ ಅದನ್ನು ಮಾರುವ ಯಜಮಾನರದೇ ವಾಸ. ಮಾಮೂಲ್‌ಪೇಟೆಯಲ್ಲಿ ಅವರಿಗೆ ಹಬ್ಬದ ತೋರಣ, ಬಣ್ಣದ ಕಾಗದ ಮುಂತಾದ ಅಲಂಕಾರದ ಸಾಮಾನಿನ ಅಂಗಡಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ನಗು. ಬೀದಿಯಿಂದ ಅವರ ಮನೆಯ ಪಕ್ಕದಲ್ಲೇ ಸಾಗುವ ಒಂದು ಓಣಿ ಹಿಂದಿನ ಮನೆಯ ಬಾಗಿಲಿಗೆ ಬಂದು ಮುಟ್ಟುತ್ತದೆ. ಬಾಗಿಲು ಉತ್ತರಾಭಿಮುಖ, ಕುಬೇರನ ದಿಕ್ಕು. ಅದೊಂದನ್ನು ನೋಡಿಯೇ ನನ್ನ ಅರ್ಧ ಒಪ್ಪಿಗೆ ಸಂದಿತ್ತು.

ಮಿಕ್ಕ ಅರ್ಧಕ್ಕೆ ವಕೀಲರು ಬೇಕಾಗಿತ್ತು.

ವಕೀಲರನ್ನು ಆರಿಸುವುದು ಪುರೋಹಿತರನ್ನು ಆರಿಸಿದಂತೆಯೇ ಎಂದು ನಾನು ತಿಳಿದಿದ್ದೆ: ಸಂಪ್ರದಾಯಸ್ಥರಾಗಿದ್ದರೆ ಸಾಕು, ಮಿಕ್ಕದ್ದು ತಾನಾಗಿ ನಡೆಯುತ್ತದೆ. ಹಾಗಾಗಿ ಮೊದಲು ಮಲ್ಲೇಶ್ವರದಲ್ಲಿ ನಮ್ಮ ಬಂಧುಗಳು ಹೇಳಿದ ಒಬ್ಬರಲ್ಲಿಗೆ ಹೋದೆವು. ಕಚೇರಿಯ ಗೋಡೆಗಳ ಮೇಲೆ ದೇವಾನುದೇವತೆಗಳೆಲ್ಲ ನೆರೆದಿದ್ದರು, ಊದುಬತ್ತಿ ಘಮಘಮಿಸುತ್ತಿತ್ತು. ನಾನು ಮನಸ್ಸಿನಲ್ಲೇ ಕೈಮುಗಿದು ಕುಳಿತೆ. ಅವರು ನಮ್ಮ ಕಾಗದಗಳನ್ನು ತೆರೆಯದೆ ಅವುಗಳ ಮೇಲೆ ಅಂಗೈಯಿಟ್ಟು, "ಏನೂ ಯೋಚನೆ ಮಾಡ್ಬೇಡಿ ಸ್ವಾಮಿ. ಮಾರೋರಿಗೂ ಹೇಳ್ಬಿಡಿ, ಅವ್ರ ಕಡೆ ಕೆಲಸಾನೂ ನಾನೇ ಮಾಡ್ಕೊಡ್ತೀನಿ. ಎರಡೂ ಕಡೆ ಒಬ್ರೇ ಇದ್ರೆ ತಕರಾರೇ ಇರಲ್ಲ ನೋಡಿ. ನೀವು ಕಣ್ಮುಚ್ಕೊಂಡು ಸೈನ್ ಹಾಕಿ," ಎಂದರು.

ನನಗೆ ಆ ಮಾತು ಸೌಜನ್ಯವೆಂದೇ ತೋರಿತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ ಅಕ್ಕ ಹೇಳಿದಳು: "ಮದುವೇಲಿ ಎರಡೂ ಕಡೆಗೆ ಒಬ್ರೇ ಪುರೋಹಿತ್ರು ಇರಬಹುದು. ವಕೀಲ್ರು ಇರಬಾರದು. ನಾಳೆ ನಾನು ಮಾರೋರ ಮೇಲೆ ಏನಾದ್ರೂ ದೂರು ಹೇಳ್ಬೇಕು ಅಂದ್ರೆ ಯಾರನ್ನ ಕೇಳ್ಲಿ, ಗೋಡೆ ಮೇಲಿರೋ ಗಣಪತೀನಾ?"

ಎರಡನೆಯವರು ಶೇಷಾದ್ರಿಪುರದ ಒಬ್ಬ ತರುಣ. ಬುದ್ಧಿವಂತ, ಚುರುಕು. "ಎಲ್ಲಾ ಫೋಟೋ ಹೊಡ್ದು ಫೋನಿಗೆ ಕಳ್ಸ್ಬಿಡಿ ಅಂಕಲ್, ನೀವು ಬರೋದೇ ಬೇಡ," ಎಂದ. ಕಾಗದದಲ್ಲಿ ಏನಾದರೂ ದೋಷವಿದ್ದರೆ ಏನು ಮಾಡುವುದೆಂದು ಅಕ್ಕ ಕೇಳಿದಳು. "ನೋಡ್ಕೊಳ್ಳೋಣ ಆಂಟಿ," ಎಂಬ ಉತ್ತರ ಬಂತು. ಮೆಟ್ಟಿಲಿಳಿಯುವಾಗ ಅಕ್ಕ ನಕ್ಕಳು. "ನೋಡ್ಕೊಳ್ಳೋಣ ಅಂದಾಗಲೂ ಆ ಹುಡುಗ ಫೋನನ್ನೇ ನೋಡ್ತಿದ್ದ ಕಣೋ!"

ಮೂರನೆಯವರನ್ನು ನಾವು ಹುಡುಕಲಿಲ್ಲ; ಅವರ ನಾಮಫಲಕವೇ ನಮಗೆ ಸಿಕ್ಕಿತು. ಶಂಕರಪುರದಲ್ಲಿ ಆ ಮನೆಯನ್ನು ಮತ್ತೊಮ್ಮೆ ನೋಡಿಕೊಂಡು ಬರುವಾಗ ಎರಡು ಬೀದಿಯಾಚೆ ಒಂದು ಗೇಟಿನ ಮೇಲೆ ವಕೀಲರೆಂದು ಬರೆದಿತ್ತು. ಮನೆಯ ಮುಂದಿನ ಕೋಣೆಯೇ ಕಚೇರಿ. ಒಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು, ಕಪ್ಪು ಕೋಟನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ನಮ್ಮ ಕಾಗದಗಳನ್ನು ಒಂದೊಂದಾಗಿ ಓದತೊಡಗಿದರು. ಪಾರಾಯಣ ಮಾಡುವವರು ಹೇಗೆ ನಡುವೆ ತಲೆಯೆತ್ತುವುದಿಲ್ಲವೋ ಹಾಗೆ. ಒಳಗಿನಿಂದ ಬಂದ ಕಾಫಿ ಆರಿ, ನಾವದನ್ನು ಕುಡಿದು, ಲೋಟಗಳು ಒಳಕ್ಕೆ ಹೋದಮೇಲೆ ಅವರು ತಲೆಯೆತ್ತಿದರು.

"ಎಲ್ಲಾ ಸರಿ ಇರೋ ಹಾಗೆ ಕಾಣ್ಸುತ್ತೆ," ಎಂದರು. "ಆದ್ರೆ ಇದು ಇಡೀ ನಿವೇಶನದ ಹಳೇ ಪತ್ರ. ಹಿಂದಿನ ಭಾಗಾನ ಬೇರೆಯಾಗಿ ಮಾರ್ತಿರೋದು ಇದೇ ಮೊದಲು. ಅದರಲ್ಲಿ ಏನೇನು ಬರುತ್ತೆ, ಏನು ಬರಲ್ಲ, ಈಗ್ಲೇ ನಂಗೆ ಗೊತ್ತಿಲ್ಲ. ಕ್ರಯಪತ್ರದ ಕರಡು ಸಿದ್ಧವಾದ್ಮೇಲೆ ನಾನು ಅಲ್ಲಿಗೆ ಬಂದು, ನಿಂತ್ಕೊಂಡು ಓದ್ತೀನಿ. ಅಲ್ಲೀವರೆಗೂ ಮುಂಗಡ ಕೊಡ್ಬೇಡಿ."

"ನಿಂತ್ಕೊಂಡು ಓದೋದು ಅಂದ್ರೆ?" ಎಂದು ನಾನು ಕೇಳಿದೆ.

"ಕಾಗದದಲ್ಲಿರೋ ಮನೆ, ನೆಲದ ಮೇಲಿರೋ ಮನೆ ಎರಡೂ ಒಂದೇನಾ ಅಂತ ನೋಡೋದು, ಮೇಷ್ಟ್ರೇ."

ನಾನು ಕಾಲೇಜಿನಲ್ಲಿ ಸಂಸ್ಕೃತ ಬೋಧಿಸುತ್ತಿದ್ದವನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರ ಲಕ್ಷಣ ಮುಖದ ಮೇಲೆಯೇ ಉಳಿದುಬಿಡುತ್ತದೆ ಎಂದು ಕಾಣುತ್ತದೆ. ಗೇಟಿನ ಹೊರಗೆ ಅಕ್ಕ, "ಇವರೇ," ಎಂದಳು. "ಗೊತ್ತಿಲ್ಲ ಅಂತ ಹೇಳೋಕೆ ಗೊತ್ತಿದೆ ಇವರಿಗೆ."

ಕೆಲವು ದಿನಗಳ ತರುವಾಯ ಒಂದು ಬೆಳಿಗ್ಗೆ, ಸಂಧ್ಯಾವಂದನೆ ಮುಗಿಸಿ ಏಳುವಷ್ಟರಲ್ಲಿ ವಕೀಲರ ಕಚೇರಿಯಿಂದ ದೂರವಾಣಿ ಕರೆ ಬಂತು. ಅವರ ಸಹಾಯಕಿ ಮಾತನಾಡಿದಳು. "ಸರ್, ಚಕ್ಕುಬಂದಿ ಬೇಕಿತ್ತು. ಮನೆಯ ನಾಲ್ಕೂ ದಿಕ್ಕಿಗೆ ಏನೇನಿದೆ ಹೇಳ್ಬಿಡಿ, ಬರ್ಕೋತೀನಿ." ನಾನು ಒಂದೇ ಉಸಿರಿನಲ್ಲಿ ಹೇಳಿದೆ: "ಬರ್ಕೊಳ್ಳಮ್ಮ. ಯಜಮಾನರ ಮುಂದಿನ ಮನೆ, ಟೈಲರ್ ಮನೆ, ಪ್ರೆಸ್ಸಿನ ಗೋಡೆ, ಓಣಿ." ಆಕೆ ಧನ್ಯವಾದ ಹೇಳಿ ಫೋನಿಟ್ಟಳು. ಲೌಕಿಕ ವ್ಯವಹಾರವೊಂದು ಇಷ್ಟು ಸುಲಭವಾಗಿ ಮುಗಿದುದಕ್ಕೆ ನನಗೆ ಸಂತೋಷವೇ ಆಯಿತು.

ಕರಡು ಸಿದ್ಧವಾಯಿತು. ಒಂದು ಭಾನುವಾರ ವಕೀಲರು ನುಡಿದಂತೆಯೇ ಬಂದರು. ಓಣಿಯಲ್ಲಿ, ಹಿಂದಿನ ಮನೆಯ ಬಾಗಿಲಿಗೆ ಎದುರಾಗಿ ನಿಂತರು. ಅಕ್ಕ, ನಾನು, ಮಾರುವ ಯಜಮಾನರು ಸುತ್ತ ನಿಂತೆವು. ಯಜಮಾನರ ಸ್ಕೂಟರು ಓಣಿಗೆ ಅಡ್ಡವಾಗಿ ನಿಂತಿದ್ದುದರಿಂದ ಅದೂ ನಮ್ಮೊಡನೆ ಕೇಳಲು ಬಂದಂತಿತ್ತು.

"ಪೂರ್ವಕ್ಕೆ, ಮಾರಾಟಗಾರರ ವಾಸದ ಮನೆ," ಎಂದು ವಕೀಲರು ಓದಿದರು. ಎಲ್ಲರೂ ತಲೆಯಾಡಿಸಿದೆವು.

"ಪಶ್ಚಿಮಕ್ಕೆ, ಟೈಲರ್ ಮನೆ."

ಅಕ್ಕ ಹುಬ್ಬು ಗಂಟಿಕ್ಕಿದಳು. "ಟೈಲರ್ ಇರೋದು ಹಿತ್ತಿಲ ಕಡೆ ಅಲ್ವಾ? ಅದು ದಕ್ಷಿಣ."

"ಉತ್ತರಕ್ಕೆ, ಪ್ರೆಸ್ಸಿನ ಗೋಡೆ. ದಕ್ಷಿಣಕ್ಕೆ, ಓಣಿ." ವಕೀಲರು ಓದುವುದನ್ನು ನಿಲ್ಲಿಸಿ, ತಾವು ನಿಂತ ಓಣಿಯನ್ನು ನೋಡಿದರು; ಬಾಗಿಲನ್ನು ನೋಡಿದರು; ಸೂರ್ಯನನ್ನೂ ಒಮ್ಮೆ ನೋಡಿದರು. "ಈ ಕಾಗದದ ಪ್ರಕಾರ, ಅಮ್ಮ, ನೀವು ಬಾಗಿಲು ತೆಗೆದ್ರೆ ಹಣೆ ಪ್ರೆಸ್ಸಿನ ಗೋಡೆಗೆ ಹೊಡೀಬೇಕು. ಓಣಿ ನಿಮ್ಮ ಹಿತ್ತಿಲಲ್ಲಿದೆ."

"ದಕ್ಷಿಣಕ್ಕೆ ದಾರಿನಾ!" ಅಕ್ಕ ನನ್ನತ್ತ ತಿರುಗಿದಳು. "ಅಲ್ವೋ, ನನ್ನನ್ನ ನೇರ ಯಮನ ಮನೆಗೇ ಕಳಿಸೋ ಹಾಗೆ ಬರೆಸಿದೀಯಲ್ಲೋ! ಅಷ್ಟು ಬೇಜಾರಾಗಿದ್ರೆ ಬಾಯಲ್ಲಿ ಹೇಳಬಾರದಾ?"

ಆಗ ನನಗೆ ಹೊಳೆಯಿತು. ಸಂಧ್ಯೆಯಲ್ಲಿ ನಾವು ದಿಕ್ಕುಗಳಿಗೆ ನಮಸ್ಕರಿಸುವುದು ಪ್ರದಕ್ಷಿಣ ಕ್ರಮದಲ್ಲಿ: ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ. ಉಪನಯನವಾದಂದಿನಿಂದ ನನ್ನ ದೇಹವೇ ಆ ಕ್ರಮದಲ್ಲಿ ತಿರುಗಿಕೊಂಡು ಬಂದಿದೆ. ನಾಲ್ಕು ದಿಕ್ಕು ಎಂದೊಡನೆ ನಾನು ಆ ಕ್ರಮದಲ್ಲಿಯೇ ಹೇಳಿದ್ದೆ. ಬೇರೊಂದು ಕ್ರಮವಿರಬಹುದೆಂಬ ಊಹೆಯೂ ಇರಲಿಲ್ಲ. ಕ್ರಯಪತ್ರದಲ್ಲಾದರೋ ಪೂರ್ವದ ಬಳಿಕ ಪಶ್ಚಿಮ, ಉತ್ತರದ ಬಳಿಕ ದಕ್ಷಿಣ. ಸಹಾಯಕಿ ನನ್ನ ನಾಲ್ಕು ಮಾತುಗಳನ್ನು ತನ್ನ ನಾಲ್ಕು ಸಾಲುಗಳಲ್ಲಿ ಭಕ್ತಿಯಿಂದ ತುಂಬಿಸಿದ್ದಳು. ನಾನು ಇದನ್ನು ವಿವರಿಸಿದಾಗ ವಕೀಲರು ಓಣಿಯ ಗೋಡೆಗೆ ಒರಗಿ ನಕ್ಕರು.

"ಇಷ್ಟು ವರ್ಷದಲ್ಲಿ ಚಕ್ಕುಬಂದಿ ತಪ್ಪೋದು ಬೇಕಾದಷ್ಟು ನೋಡಿದೀನಿ, ಮೇಷ್ಟ್ರೇ. ಸಂಧ್ಯಾವಂದನೆಯಿಂದ ತಪ್ಪಿದ್ದು ಇದೇ ಮೊದಲು!"

ಯಜಮಾನರೂ ನಕ್ಕರು. "ಆಕಡೆ ಈಕಡೆ ಆದ್ರೆ ಏನೀಗ? ಓಣಿ ಎಲ್ಲಿಗೂ ಓಡ್ಹೋಗಲ್ವಲ್ಲ. ಹಾಗೇ ಇರ್ಲಿ ಬಿಡಿ."

ವಕೀಲರ ನಗು ಅಲ್ಲಿಗೆ ನಿಂತಿತು. "ಓಡ್ಹೋಗಲ್ಲ ಯಜಮಾನ್ರೇ. ಆದ್ರೆ ಈ ಓಣಿ ಯಾರದು?"

"ನಂದೇ. ಮುಂದಿನ ಮನೆಗೆ ಸೇರಿದ್ದು."

"ಹಾಗಾದ್ರೆ ಅಮ್ಮ ಇದರಲ್ಲಿ ಓಡಾಡೋದು ಹೇಗೆ?"

"ಓಡಾಡ್ಲಿ! ನಾನು ಬೇಡ ಅಂದ್ನಾ?"

"ಅದನ್ನೇ ಬರೆಯೋಣ. ಈ ಓಣಿಯಲ್ಲಿ ಹೋಗಿ ಬರೋ ಹಕ್ಕು ಹಿಂದಿನ ಮನೆಗೆ ಎಂದೆಂದಿಗೂ ಇದೆ ಅಂತ."

ಯಜಮಾನರ ಮುಖದ ಮೇಲಿನ ನಗು ಹೋಗಲಿಲ್ಲ. ಆದರೆ ಅದರ ಬಣ್ಣ ಹೋಯಿತು. "ಬರೀಬೇಕಾ? ನನ್ನ ಮಾತು ಸಾಲ್ದಾ, ತಾಯಿ? ಲಿಂಗ ಮುಟ್ಟಿ ಹೇಳ್ತೀನಿ ಬೇಕಾದ್ರೆ. ಎಂದೆಂದಿಗೂ ಅಂತ ಬರೆದುಕೊಟ್ರೆ ನಾಳೆ ಮುಂದಿನ ಮನೆಗೆ ಏನು ಬೆಲೆ?"

ಕಿವಿಯಿಂದ ಕಿವಿಗೆ ಬಂದ ವಿದ್ಯೆಯನ್ನು ಕಲಿತವನು ನಾನು. ಬರೆದದ್ದಕ್ಕಿಂತ ನುಡಿದದ್ದು ಪವಿತ್ರವೆಂಬ ಭಾವ ನನ್ನ ರಕ್ತದಲ್ಲಿದೆ. ಇಷ್ಟಲಿಂಗದ ಮೇಲೆ ಕೈಯಿಡಲು ಸಿದ್ಧರಾದ ಹಿರಿಯರೊಬ್ಬರನ್ನು ಮತ್ತೆ ಒತ್ತಾಯಿಸುವುದು ಅವಿನಯವೆಂದು ತೋರಿತು. "ಹೋಗಲಿ ಬಿಡಿಮ್ಮ," ಎಂದೆ. "ಅವರು ಇಷ್ಟು ಹೇಳುವಾಗ…"

"ಮೇಷ್ಟ್ರೇ," ಎಂದರು ವಕೀಲರು, "ಅವ್ರ ಪರವಾಗಿ ನೀವು ವಾದ ಮಾಡಿದ್ರೆ, ನಾನು ಯಾರ ಪರವಾಗಿ ಮಾಡ್ಲಿ?"

ಅಕ್ಕ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಮಾತಿನ ಮೇಲೆ ಇದ್ದದ್ದು ಆಯ್ತು ಕಣೋ," ಎಂದಳು, ಬಹಳ ಮೆಲ್ಲಗೆ. "ಒಳ್ಳೆಯವರ ಮಾತಿನ ಮೇಲೇ ಇದ್ದೆ. ಸಾಕು. ಬರೆಯೋದಿಲ್ಲ ಅಂದ್ರೆ ಈ ಮನೆ ಬೇಡ."

ಯಜಮಾನರು ಕೈಮುಗಿದು, ಸ್ಕೂಟರು ಹತ್ತಿ ಹೋದರು.

ಮುಂದಿನ ದಿನಗಳಲ್ಲಿ ಅಕ್ಕ ಎಂದಿನಂತೆ ಪದಬಂಧ ಬಿಡಿಸಿದಳು, ಎಂದಿನಂತೆ ನನ್ನ ಹೆಂಡತಿಯೊಡನೆ ಹುರುಳಿಕಾಯಿ ಸೋಸಿದಳು. ಆದರೆ ಹೊಸ ಮನೆಯ ಕೋಣೆಯಲ್ಲಿ ದೇವರ ಮಂಟಪವನ್ನು ಎಲ್ಲಿಡಬೇಕೆಂಬ ಚರ್ಚೆಯನ್ನು ಮತ್ತೆ ಎತ್ತಲಿಲ್ಲ. ಅದು ನನಗೆ ಸಹಿಸಲಾಗಲಿಲ್ಲ. ಒಂದು ಸಂಜೆ ನಾನೊಬ್ಬನೇ ವಕೀಲರಲ್ಲಿಗೆ ಹೋಗಿ, ಯಜಮಾನರಿಗೆ ಒಂದು ಖಾರವಾದ ನೋಟಿಸು ಕಳಿಸಬಾರದೇಕೆ ಎಂದು ಕೇಳಿದೆ.

"ಯಾವ ತಪ್ಪಿಗೆ?" ಎಂದರು ಅವರು. "ಅವ್ರು ಇನ್ನೂ ಏನೂ ಮಾಡಿಲ್ಲ, ಮಾರೋಕೆ ಬಂದವರು ಸ್ವಲ್ಪ ಹೆದರಿದಾರೆ, ಅಷ್ಟೇ. ನಾನು ಬಂದ್ರೆ ಜಗಳ ಅಂದ್ಕೋತಾರೆ. ನೀವಿಬ್ರೇ ಹೋಗಿ ಕೇಳಿ. ಕೇಳೋದು ನಿಮ್ಮ ಕೆಲಸ, ಬರೆಯೋದು ನನ್ನದು. ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ. ಎಷ್ಟು ಅಗಲ ಅಂತ ತಿಳ್ಕೊಂಡು ಬನ್ನಿ. ಅಗಲ ಇಲ್ದೆ ಓಣಿ ಅಂತ ಬರೆದ್ರೆ, ಒಂದು ದಿನ ಅದರಲ್ಲಿ ಬೆಕ್ಕು ಮಾತ್ರ ಓಡಾಡುತ್ತೆ."

ಹೀಗೆ ನಾವಿಬ್ಬರೂ ಮಾಮೂಲ್‌ಪೇಟೆಗೆ ಹೋದೆವು. ತಳ್ಳುಗಾಡಿಗಳ, ತಲೆಹೊರೆಗಳ ನಡುವೆ ಅಕ್ಕ ನನ್ನ ತೋಳು ಹಿಡಿದು ಸಲೀಸಾಗಿ ನುಸುಳಿದಳು. ಯಜಮಾನರ ಅಂಗಡಿಯಲ್ಲಿ ಜರಿಯ ತೋರಣಗಳು ಸೂರಿನಿಂದ ಇಳಿಬಿದ್ದು, ನಮ್ಮ ಮಾತುಕತೆಯೇ ಒಂದು ಉತ್ಸವವೆಂಬಂತೆ ಹೊಳೆಯುತ್ತಿದ್ದವು. ನಮ್ಮನ್ನು ಕಂಡವರೇ ಅವರು ಗಡಬಡಿಸಿ ಎದ್ದು, "ಬನ್ನಿ ಅಮ್ಮ, ಬನ್ನಿ ಸ್ವಾಮಿ," ಎಂದು ಸ್ಟೂಲುಗಳನ್ನು ಒರೆಸಿ ಕೊಟ್ಟು, ಕಾಫಿ ತರಿಸಿದರು. ಮನಸ್ತಾಪವಿದ್ದರೂ ಉಪಚಾರ ತಪ್ಪಿಸದ ಜನ.

"ನಿಮ್ಮ ಮಾತಿನ ಮೇಲೆ ನಂಗೆ ನಂಬಿಕೆ ಇದೆ, ಯಜಮಾನ್ರೇ," ಎಂದು ಅಕ್ಕ ಶುರುಮಾಡಿದಳು. "ಆದ್ರೆ ನಿಮ್ಮ ನಂತರ ಆ ಮುಂದಿನ ಮನೆ ಯಾರಿಗೆ?"

"ಮಗಳಿಗೆ."

"ಅವಳು ನಿಮ್ಮ ಮಾತು ಕೇಳಿದಾಳಾ?"

ಯಜಮಾನರು ಜೋರಾಗಿ ನಕ್ಕರು. "ಅಯ್ಯೋ, ಹುಟ್ಟಿದಾಗಿನಿಂದ ಒಂದೂ ಕೇಳಿಲ್ಲ ತಾಯಿ!"

"ನೋಡಿ ಮತ್ತೆ. ಆ ಮಗೂಗೂ ನಂಗೂ ನಾಳೆ ಓಣಿಯಲ್ಲಿ ಜಗಳ ಬೇಡ. ಬರೆದಿದ್ರೆ ಇಬ್ರೂ ಓದ್ಕೊಂಡು ಸುಮ್ನಾಗ್ತೀವಿ."

ಅವರು ಕಾಫಿಯ ಲೋಟವನ್ನು ಕೆಳಗಿಟ್ಟರು. "ನಿಜ ಹೇಳ್ಬೇಕು ಅಂದ್ರೆ ಅಮ್ಮ, ನನ್ನ ಸ್ಕೂಟರ್ ನಿಲ್ಸೋಕೆ ಬೇರೆ ಜಾಗ ಇಲ್ಲ. ಓಣಿ ನಿಮ್ದು ಅಂತ ಬರೆದುಕೊಟ್ಟು, ಸ್ಕೂಟರ್‌ನ ಏನು ತಲೆ ಮೇಲೆ ಇಟ್ಕೊಳ್ಲಾ?"

"ಓಣಿ ನಂದು ಅಂದೋರು ಯಾರು? ಓಣಿ ನಿಮ್ದೇ. ಓಡಾಟ ನಂದು. ಸ್ಕೂಟರ್ ಗೋಡೆಗೆ ಒರಗಿಸಿ ನಿಲ್ಸ್ಕೊಳ್ಳಿ."

"ಹಾಗಾದ್ರೆ ನಿಮಗೆ ಎಷ್ಟು ಅಗಲ ಬಿಡ್ಬೇಕು?"

ಅಡಿಗಳ ಲೆಕ್ಕ ನಾನು ಹೇಳಬೇಕೆಂದಿದ್ದೆ. ಅಕ್ಕ ನನಗಿಂತ ಮುಂಚೆ ಬಾಯಿ ತೆರೆದಳು. "ಒಳಗೆ ಹೋಗೋಕೆ ನಂಗೆ ಒಂದು ಮೊಳ ಸಾಕು. ಹೊರಗೆ ಬರೋದರ ಲೆಕ್ಕ ಬೇರೆ. ಆವಾಗ ಹೊರೋರು ನಾಲ್ಕು ಜನ ಇರ್ತಾರೆ, ನಡುವೆ ನಾನು ಆರಾಮಾಗಿ ಮಲಗಿರ್ತೀನಿ. ಅವರು ನಿಮ್ಮ ಸ್ಕೂಟರಿಗೆ ಎಡವಿ ನನ್ನನ್ನ ಬೀಳಿಸಬಾರದು. ಅಷ್ಟು ಅಗಲ."

"ಬಿಡ್ತು ಅನ್ನಿ, ತಾಯಿ!" ಯಜಮಾನರು ಎರಡೂ ಕಿವಿ ಮುಟ್ಟಿಕೊಂಡರು. ಪಕ್ಕದ ಅಂಗಡಿಯವರು ಇಣುಕಿದರು. "ಬೆಳಗ್ಗೆ ಬೆಳಗ್ಗೆ ಎಂಥ ಮಾತು! ಬರೆಸಿ, ಬರೆಸಿ. ಐದಡಿ ಬರೆಸಿ. ಸ್ಕೂಟರ್ ಬೇಕಾದ್ರೆ ಅಂಗಡೀಲೇ ಮಲಗಿಸ್ತೀನಿ."

"ಐದಡಿ ಸಾಕಾಗುತ್ತೇನೋ?" ಎಂದು ಅಕ್ಕ ಗಂಭೀರವಾಗಿ ನನ್ನನ್ನು ಕೇಳಿದಳು. ನಾನು ತೋರಣಗಳನ್ನು ನೋಡುತ್ತ ಕುಳಿತೆ. ಹೊರಡುವಾಗ ಯಜಮಾನರು ಹಸಿರು ಜರಿಯ ಒಂದು ತೋರಣವನ್ನು ಕಾಗದದಲ್ಲಿ ಸುತ್ತಿ, ಬೇಡವೆಂದರೂ ಬಿಡದೆ ಅಕ್ಕನ ಕೈಗಿತ್ತರು.

ನೋಂದಣಿಯ ದಿನ ಗೊತ್ತುಮಾಡುವಾಗ ನಾನು ರಾಹುಕಾಲದ ವಿಷಯವೆತ್ತಿದೆ. "ಮುಹೂರ್ತ ನೀವು ನೋಡಿ, ಮೇಷ್ಟ್ರೇ. ಸರ್ವರ್ ನಾನು ನೋಡ್ತೀನಿ," ಎಂದರು ವಕೀಲರು. ಅಂದು ಮುಹೂರ್ತ ಸರಿಯಾದ ವೇಳೆಗೆ ಬಂತು, ಸರ್ವರ್ ಬರಲಿಲ್ಲ. ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ನಾವೆಲ್ಲ ಕುಳಿತು, ಯಜಮಾನರು ತಂದಿದ್ದ ಕಡಲೆಬೀಜ ತಿಂದೆವು. ರಾಹುಕಾಲ ಬಂದು, ತನ್ನ ಪಾಡಿಗೆ ತಾನು ಹೋದಮೇಲೆ ಯಂತ್ರಕ್ಕೆ ಜೀವ ಬಂತು. ಅಂದಮೇಲೆ ದೈವಕೃಪೆ ಯಾವ ಮಾರ್ಗದಿಂದ ಬರುತ್ತದೆಂದು ಮನುಷ್ಯ ವಾದಿಸಬಾರದು.

ಸಹಿಗೆ ಮುನ್ನ ವಕೀಲರು ಕ್ರಯಪತ್ರವನ್ನು ಅಕ್ಕನ ಮುಂದಿಟ್ಟರು. "ನಾನು ಓದಿದೀನಿ ಅಂತ ನೀವು ನಂಬಬೇಡಿ ಅಮ್ಮ. ಆ ಭಾಗ ನೀವೇ ಓದಿ." ಅಕ್ಕ ಕನ್ನಡಕವನ್ನು ಸರಿಮಾಡಿಕೊಂಡು, ತರಗತಿಯಲ್ಲಿ ಓದುತ್ತಿದ್ದ ಧ್ವನಿಯಲ್ಲಿಯೇ ಓದಿದಳು. ಉತ್ತರಕ್ಕೆ ಐದು ಅಡಿ ಅಗಲದ ಓಣಿ. ಅದರಲ್ಲಿ ಹಿಂದಿನ ಮನೆಯವರು ಯಾರ ಅಡ್ಡಿಯೂ ಇಲ್ಲದೆ ಹಗಲೂ ರಾತ್ರಿಯೂ ಹೋಗಿ ಬರಬಹುದು. ಬೆಂಚುಗಳ ಮೇಲಿದ್ದ ಅಪರಿಚಿತರು ಮಾತು ನಿಲ್ಲಿಸಿ ಕೇಳಿದರು. ಆಮೇಲೆ ಆಕೆ ಸೆರಗನ್ನು ಹೊದ್ದುಕೊಂಡು ಫೋಟೋಗೆ ಮುಖ ಕೊಟ್ಟು, ಹೆಬ್ಬೆಟ್ಟು ಒತ್ತಿ ಬಂದಳು.

ಗೃಹಪ್ರವೇಶದಂದು ಹಾಲುಕ್ಕಿಸಿದ್ದಾಯಿತು, ನೆಂಟರು ಉಂಡು ಹೋದದ್ದಾಯಿತು. ಮರುದಿನ ಬೆಳಿಗ್ಗೆ, ಆಕೆ ಹೇಗಿದ್ದಾಳೋ ಎಂಬ ಕಳವಳದಿಂದ ನಾನು ನಡೆದೇ ಶಂಕರಪುರಕ್ಕೆ ಹೋದೆ. ಓಣಿ ತೆರವಾಗಿತ್ತು. ಬಾಗಿಲು ಮುಚ್ಚಿತ್ತು. ತಟ್ಟಿದೆ.

"ಯಾರು?" ಎಂದು ಒಳಗಿನಿಂದ ಕೇಳಿತು.

ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದ ನಮ್ಮ ನಡುವೆ ಆ ಪ್ರಶ್ನೆ ಹುಟ್ಟಿದ್ದೇ ಇಲ್ಲ. "ನಾನು ಕಣೇ."

ಚಿಲಕ ಸರಿಯಿತು. ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಾ, ಬಾ. ಫೋನ್ ಮಾಡಿ ಬರಬಾರದಿತ್ತಾ? ಹೆಂಗಸೊಬ್ಬಳೇ ಇರೋ ಮನೆ," ಎಂದು, ನಗು ತಡೆಯಲಾರದೆ ಬಾಗಿಲ ಮರೆಗೆ ಸರಿದು, ನಾನು ಒಳಕ್ಕೆ ಬರಲು ದಾರಿ ಬಿಟ್ಟಳು.